ಮಡಿಕೇರಿಯಲ್ಲಿ ಫ್ರೆಂಚ್ ಬಗೆಯ ಕೆಫೆ, ಸಂಜೆಗೆ ಕಾಕ್‌ಟೇಲ್ ಬಾರ್: ತಿಳಿದವರು ಸಲಹೆ ಕೊಡಿ

ಕಾಫಿಹೂ:

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಪೇಟೆಯಲ್ಲಿ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಹಳೆಯ ಹೆಂಚಿನ ಕಟ್ಟಡವೊಂದು ಬಾಡಿಗೆಗೆ ಸಿಗುತ್ತಿದೆ. ಸುಮಾರು 700 ಚದರಡಿ, 26 ಜನ ಕೂರಬಹುದು, ಮುಂದೆ ಆರಡಿ ಅಗಲದ ಜಗಲಿ. ಫ್ರಾನ್ಸಿನ ಬೀದಿಗಳಲ್ಲಿ ಇರುವಂಥ ಕೆಫೆ ಮಾಡಬೇಕು ಅಂತ ಇದೆ: ಬೆಳಿಗ್ಗೆ ಎಂಟಕ್ಕೆ ಎಸ್ಪ್ರೆಸೊ, ಕ್ರೋಸಾಂ (ಹಿಟ್ಟಿನ ನಡುವೆ ಬೆಣ್ಣೆ ಇಟ್ಟು ಪದರ ಪದರವಾಗಿ ಮಡಚಿ ಸುಟ್ಟ ತಿನಿಸು), ಮಧ್ಯಾಹ್ನ ಕ್ರೋಕ್ ಮಸ್ಯೂ (ಹ್ಯಾಮ್, ಚೀಸ್ ಇಟ್ಟು ಸುಟ್ಟ ಸ್ಯಾಂಡ್‌ವಿಚ್) ಥರದ ಒಂದೆರಡು ಬಿಸಿ ತಿಂಡಿ, ಸಂಜೆ ಆರರಿಂದ ವೈನ್, ಕಾಕ್‌ಟೇಲ್, ಜೊತೆಗೆ ನಂಚಿಕೊಳ್ಳಲು ಸಣ್ಣ ಪ್ಲೇಟುಗಳು. ವಾರಾಂತ್ಯದ ಪ್ರವಾಸಿಗರನ್ನಷ್ಟೇ ನಂಬಿ ಕೂರುವ ಯೋಚನೆ ಇಲ್ಲ. ಮಂಗಳವಾರ ಸಂಜೆಯೂ ಊರಿನವರು ಬಂದು ಒಂದು ಗ್ಲಾಸು ಹಿಡಿದು ಮಾತಾಡುತ್ತ ಕೂರಬೇಕು.

ಕೇಳಬೇಕಾದ್ದು ಇಷ್ಟು. ಎಸ್ಪ್ರೆಸೊಗೆ ಇಲ್ಲಿನ ರೋಬಸ್ಟಾ ಕಾಫಿ ಬಳಸಬಹುದೇ, ಬಳಸಿದರೆ ಎಷ್ಟು ಪಾಲು? ಕ್ರೋಸಾಂ ನಾವೇ ಮಾಡುವುದೋ, ಬೆಂಗಳೂರಿನಿಂದ ಫ್ರೋಜನ್ ತರಿಸುವುದೋ? ಇಷ್ಟು ಸಣ್ಣ ಜಾಗಕ್ಕೆ ಬಾರ್ ಲೈಸೆನ್ಸ್ ಆಗುತ್ತದೆಯೇ? ಫ್ರೆಂಚ್ ಲಿಕ್ಯೂರ್‌ಗಳು (ಸಿಹಿ, ಪರಿಮಳದ ಮದ್ಯಗಳು) ಇಲ್ಲಿ ಸಿಗದಿದ್ದಾಗ ಕಾಕ್‌ಟೇಲ್ ಮೆನು ಹೇಗೆ ಕಟ್ಟುವುದು? ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಏನೇನು ಕೈಕೊಡುತ್ತದೆ ಅನ್ನುವುದನ್ನೂ ಹೇಳಿ. ಅಲಂಕಾರದ ಬಗ್ಗೆ ಸಲಹೆ ಬೇಡ, ಕೆಲಸದ ವಿಷಯ ಸಾಕು.

ಹಳೇ ಕಡತ:

ಮೊದಲು ಲೈಸೆನ್ಸ್, ಮಿಕ್ಕಿದ್ದೆಲ್ಲ ಆಮೇಲೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ಅಬಕಾರಿ ಸನ್ನದನ್ನು (ಮದ್ಯದ ಲೈಸೆನ್ಸ್) ನಿರ್ದಿಷ್ಟ ಕಟ್ಟಡಕ್ಕೆ, ನಿರ್ದಿಷ್ಟ ಚಕ್ಕುಬಂದಿಗೆ ಕೊಟ್ಟಿರುತ್ತಾರೆ.

ರೂಂ ಇಲ್ಲದೆ ಬರೀ ಬಾರ್ ಮತ್ತು ರೆಸ್ಟೋರೆಂಟ್ ನಡೆಸಲು ಬೇಕಾದದ್ದು ಸಿಎಲ್-9 ಎಂಬ ಬಗೆಯ ಸನ್ನದು. ಅರ್ಜಿ ಹಾಕಿದವರಿಗೆಲ್ಲ ಇದನ್ನು ಹೊಸದಾಗಿ ಕೊಡುವ ಕ್ರಮ ದಶಕಗಳ ಹಿಂದೆಯೇ ನಿಂತಿದೆ. ಸಾಮಾನ್ಯವಾಗಿ ಜನ ಹಿಡಿಯುವ ದಾರಿ ಎಂದರೆ ಈಗಾಗಲೇ ಇರುವ ಸನ್ನದನ್ನು ಇಲಾಖೆಯ ಮೂಲಕ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಬೇಕಾದರೆ ಜಾಗವನ್ನೂ ಬದಲಿಸಿಕೊಳ್ಳುವುದು. ಇಲ್ಲಿ ದೊಡ್ಡ ಮೊತ್ತ ಬೇಕಾಗುತ್ತದೆ. ನಿಮ್ಮ ಒಟ್ಟು ಬಂಡವಾಳದಲ್ಲಿ ಯಂತ್ರ, ಒಲೆ, ಪೀಠೋಪಕರಣ ಎಲ್ಲ ಸೇರಿಸಿದರೂ ಸನ್ನದಿನ ಲೆಕ್ಕವೇ ಮೇಲಿರಬಹುದು. ಸಿಎಲ್-7 ವಸತಿಗೃಹಗಳಿಗೆ. ಅದಕ್ಕೆ ಕನಿಷ್ಠ ಇಷ್ಟು ಡಬಲ್ ರೂಂ ಇರಬೇಕೆಂಬ ನಿಯಮ ಇದೆ, 700 ಚದರಡಿಯಲ್ಲಿ ಆಗದ ಮಾತು. ಬೇರೆಯವರ ಸನ್ನದನ್ನು ಬಾಯಿಮಾತಿನ ಬಾಡಿಗೆಗೆ ಪಡೆದು ನಡೆಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ತಪಾಸಣೆ ಬಂದ ದಿನ ಸ್ಟಾಕೂ ಹೋಗುತ್ತದೆ, ಅಂಗಡಿಯೂ ಮುಚ್ಚುತ್ತದೆ.

ಶಾಲೆ, ಪೂಜಾಸ್ಥಳ, ಆಸ್ಪತ್ರೆಗಳಿಂದ 100 ಮೀಟರ್ ದೂರದ ನಿಯಮ ಇದೆ. ಮಡಿಕೇರಿ ಪೇಟೆಯಲ್ಲಿ ಎಲ್ಲವೂ ಹತ್ತಿರ ಹತ್ತಿರ ಇರುವುದರಿಂದ ಟೇಪು ಹಿಡಿದು ಅಳೆದೇ ಮುಂದುವರಿಯಿರಿ. ಹೆದ್ದಾರಿ ಬದಿಯಲ್ಲಿ ಮದ್ಯ ಮಾರಾಟಕ್ಕಿರುವ ನಿಷೇಧ ನಗರಸಭೆ ವ್ಯಾಪ್ತಿಯೊಳಗೆ ಅನ್ವಯಿಸುವುದಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಆದ್ದರಿಂದ ಆ ಚಿಂತೆ ನಿಮಗಿಲ್ಲ. ಸನ್ನದು ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಫೆಬ್ರವರಿಯಲ್ಲಿ ಶುರು ಮಾಡಿದವರಿಗೆ ನಾಲ್ಕೇ ತಿಂಗಳಲ್ಲಿ, ಅದೂ ಮಳೆ ಹಿಡಿದು ವ್ಯಾಪಾರ ಇಳಿದ ಹೊತ್ತಿನಲ್ಲಿ, ನವೀಕರಣದ ಶುಲ್ಕ ಎದುರಾಗುತ್ತದೆ.

ಎಲ್ಲ ಮದ್ಯವೂ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೊದಿಂದಲೇ ಬರಬೇಕು. ಸ್ನೇಹಿತರು ಏರ್‌ಪೋರ್ಟಿನಿಂದ ತಂದ ಬಾಟಲಿ, ಪುದುಚೇರಿ ಬಾಟಲಿ ಕೌಂಟರಿನಲ್ಲಿ ಕಂಡರೂ ಕೇಸು. ಮನೆಯಲ್ಲಿ ಮಾಡಿದ ವೈನ್ ಕೊಡಗಿನಲ್ಲಿ ಮನೆಮನೆಯ ಪದ್ಧತಿ ಆದರೂ ಸನ್ನದಿಲ್ಲದೆ ಮಾರುವಂತಿಲ್ಲ. 21 ತುಂಬದವರಿಗೆ ಕೊಡುವಂತಿಲ್ಲ. 30 ಮತ್ತು 60 ಎಂಎಲ್ ಪೆಗ್ ಅಳತೆಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಸ್ಪಿರಿಟ್ ಬೆರೆಸಿ ಬೇರೆ ಬಾಟಲಿಗೆ ತುಂಬಿ ಇಡುವ ರೂಢಿ ಬೇಡ. ಮದ್ಯ ಮೂಲ ಬಾಟಲಿಯಲ್ಲೇ ಇರಲಿ, ಸಿರಪ್, ರಸ ಇಂಥವನ್ನು ಮಾತ್ರ ಮುಂಚೆ ಕಲಸಿಡಿ. ಬಿಲ್ಲಿನಲ್ಲಿ ಮದ್ಯ ಜಿಎಸ್‌ಟಿ ಹೊರಗೆ, ಊಟ ಜಿಎಸ್‌ಟಿ ಒಳಗೆ. ಸಾಫ್ಟ್‌ವೇರಿನಲ್ಲಿ ಮೊದಲ ದಿನದಿಂದಲೇ ಎರಡಕ್ಕೂ ಬೇರೆ ಬೇರೆ ಲೆಕ್ಕ ಮಾಡಿಸಿ.

ಸನ್ನದು ತಡವಾದರೆ ಕೆಫೆಯನ್ನು ಮಾತ್ರ ಮೊದಲು ತೆರೆಯಿರಿ. ಆದರೆ ಅಲ್ಲಿಯವರೆಗೆ ಗಿರಾಕಿಗಳೇ ಬಾಟಲಿ ತಂದು ಕುಡಿಯಲು ಬಿಡಬೇಡಿ.

ಗ್ರೂಪ್‌ಹೆಡ್:

ರೋಬಸ್ಟಾ ಬಳಸಬಹುದೇ ಅಂತ ಕೇಳಿದ್ರಿ. ಬಳಸಲೇಬೇಕು ಅಂತೀನಿ. ಫ್ರಾನ್ಸಿನ ಕೆಫೆಗಳ ಹಳೇ ರುಚಿಯೇ ರೋಬಸ್ಟಾದ್ದು. ಐವರಿ ಕೋಸ್ಟ್‌ನಂಥ ತಮ್ಮ ವಸಾಹತುಗಳಲ್ಲಿ ಬೆಳೆದ ರೋಬಸ್ಟಾವನ್ನು ಕಪ್ಪಗೆ ಹುರಿದು ಕುಡಿದೇ ಅವರಿಗೆ ಅಭ್ಯಾಸ. 1806ರಲ್ಲಿ ನೆಪೋಲಿಯನ್ ಬ್ರಿಟಿಷ್ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದ ಮೇಲೆ ಕಾಫಿ ಸಿಗದೆ ಚಿಕೋರಿ ಬೆರೆಸುವುದೂ ಅಲ್ಲಿ ಬೇರೂರಿತು. ನಮ್ಮ ಫಿಲ್ಟರ್ ಕಾಫಿ ಕುಡಿಯೋರಿಗೆ ಆ ರುಚಿ ಹೊಸದಲ್ಲ.

ಆದ್ರೆ ಯಾವ ರೋಬಸ್ಟಾ ಅನ್ನೋದು ಮುಖ್ಯ. ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಬೇಡ, ಎಸ್ಪ್ರೆಸೊನಲ್ಲಿ ಸುಟ್ಟ ರಬ್ಬರಿನ ವಾಸನೆ ಎದ್ದು ಬರುತ್ತೆ. ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ, ತಿರುಳು ತೆಗೆದು) ತೊಳೆದ ರೋಬಸ್ಟಾ ಪಾರ್ಚ್‌ಮೆಂಟ್ ಎಬಿ ದರ್ಜೆಯದು ತಗೊಳ್ಳಿ. ಕಾಪಿ ರಾಯಲ್ ಅನ್ನೋ ವಿಶೇಷ ದರ್ಜೆ ಆಗೋದೂ ಅದರಿಂದಲೇ. ಅರೇಬಿಕಾ 60, ತೊಳೆದ ರೋಬಸ್ಟಾ 40 ಇಟ್ಟು ಶುರು ಮಾಡಿ. ಎರಡನ್ನೂ ಬೇರೆ ಬೇರೆ ಹುರಿದು ಆಮೇಲೆ ಬೆರೆಸಬೇಕು; ರೋಬಸ್ಟಾ ಕಾಳು ಗಟ್ಟಿ, ಒಟ್ಟಿಗೆ ಹುರಿದರೆ ಒಂದು ಹಸಿ ಉಳಿಯುತ್ತೆ, ಇನ್ನೊಂದು ಕರಕಾಗುತ್ತೆ. ಕಾಳಿನ ಮೇಲೆ ಎಣ್ಣೆ ಜಿನುಗುವಷ್ಟು ಕಪ್ಪು ಬೇಡ, ಗ್ರೈಂಡರ್ ಕಟ್ಟಿಕೊಳ್ಳುತ್ತೆ. ಹುರಿದ ಮೇಲೆ ಒಂದು ವಾರ ಬಿಟ್ಟು ಬಳಸಿ.

ಅಳತೆ: 18 ಗ್ರಾಂ ಪುಡಿ, ಕಪ್ಪಿನಲ್ಲಿ 36ರಿಂದ 38 ಗ್ರಾಂ, 25ರಿಂದ 30 ಸೆಕೆಂಡ್, 91 ಡಿಗ್ರಿ. ಪೂರ್ತಿ ಅರೇಬಿಕಾಗೆ 93 ಇಡ್ತೀವಿ. ರೋಬಸ್ಟಾ ಇದ್ದಾಗ ಎರಡು ಡಿಗ್ರಿ ಇಳಿಸಿದರೆ ಕಹಿ ಹದಕ್ಕೆ ಬರುತ್ತೆ. ರೋಬಸ್ಟಾಗೆ ನೊರೆ ಜಾಸ್ತಿ, ಕಪ್ ತುಂಬಿದ ಹಾಗೆ ಕಾಣುತ್ತೆ. ಆದ್ದರಿಂದ ಕಣ್ಣಳತೆ ನಂಬದೆ ತಕ್ಕಡಿ ಇಡಿ. ಮಳೆಗಾಲದಲ್ಲಿ ಗಾಳಿಯ ತೇವ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ದಿನಕ್ಕೆ ಎರಡು ಸಲವಾದ್ರೂ ತೂಕ, ಸಮಯ ನೋಡಿ ಗ್ರೈಂಡ್ ಸರಿಮಾಡಿ. ಹಾಪರ್‌ನಲ್ಲಿ (ಗ್ರೈಂಡರ್ ಮೇಲಿನ ಕಾಳಿನ ಡಬ್ಬಿ) ಎರಡು ಗಂಟೆಗೆ ಸಾಕಾಗುವಷ್ಟೇ ಕಾಳು ಹಾಕಿ.

ಮೆನುವಿನಲ್ಲಿ ನಾಲ್ಕೇ ಕಾಫಿ ಸಾಕು: ಕಫೆ (ಬರೀ ಎಸ್ಪ್ರೆಸೊ), ಅಲೋಂಜೆ (ನೀರು ಜಾಸ್ತಿ ಬಿಟ್ಟು ಉದ್ದ ಮಾಡಿದ್ದು), ನುವಾಸೆಟ್ (ಮೇಲೆ ಒಂದು ಚಮಚ ಹಾಲಿನ ನೊರೆ), ಕಫೆ ಕ್ರೆಮ್ (150 ಎಂಎಲ್ ಕಪ್ಪಿನಲ್ಲಿ ಹಾಲು ಹಾಕಿದ್ದು). ಊರಿನವರು ದಿನಾ ಬರಬೇಕು ಅಂತಿದ್ರೆ ಐದನೇದಾಗಿ ಫಿಲ್ಟರ್ ಕಾಫಿಯೂ ಇರಲಿ.

ನೀರಿನ ವಿಷಯ ಯಾರೂ ಕೇಳಲ್ಲ, ಯಂತ್ರ ಹಾಳಾಗೋದು ಹೆಚ್ಚಾಗಿ ಅಲ್ಲೇ. ಮಡಿಕೇರಿಗೆ ಕೂಟುಹೊಳೆಯ ನೀರು. ಬಯಲುಸೀಮೆಯ ಬೋರ್‌ವೆಲ್ ನೀರಿನ ಹಾಗೆ ಬಾಯ್ಲರ್‌ನಲ್ಲಿ ಸುಣ್ಣ ಕಟ್ಟೋ ಭಯ ಕಡಿಮೆ, ಮಳೆಗಾಲದ ಕೆಸರಿನ ಕಾಟ ಜಾಸ್ತಿ. 5 ಮೈಕ್ರಾನ್ ಸೆಡಿಮೆಂಟ್ ಫಿಲ್ಟರ್, ಅದರ ಹಿಂದೆ ಕಾರ್ಬನ್ ಫಿಲ್ಟರ್ ಹಾಕಿ, ಜೂನ್‌ನಿಂದ ತಿಂಗಳಿಗೊಂದು ಸಲ ಸೆಡಿಮೆಂಟ್ ಕಾರ್ಟ್ರಿಜ್ ಬದಲಿಸಿ. ಆರ್‌ಓ ಹಾಕಿಸಬೇಡಿ. ಖನಿಜ ಪೂರ್ತಿ ಹೋದ ನೀರಲ್ಲಿ ಕಾಫಿ ಸಪ್ಪೆ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಬಾಯ್ಲರ್ ಒಳಗಿನ ಲೆವೆಲ್ ಪ್ರೋಬ್ ನೀರಿನ ವಿದ್ಯುತ್ ವಾಹಕತೆಯಿಂದಲೇ ಮಟ್ಟ ಗುರುತಿಸೋದು. ಖನಿಜವೇ ಇಲ್ಲದ ನೀರು ಅದಕ್ಕೆ ಕಾಣಲ್ಲ, ಯಂತ್ರ ನೀರು ತುಂಬಿಸ್ತಾನೇ ಹೋಗುತ್ತೆ, ಸ್ಟೀಮ್ ವಾಂಡ್‌ನಲ್ಲಿ ಹಬೆ ಬದಲು ಬಿಸಿನೀರು ಬರುತ್ತೆ. ಟಿಡಿಎಸ್ (ನೀರಲ್ಲಿ ಕರಗಿದ ಖನಿಜದ ಪ್ರಮಾಣ) ಮೀಟರ್‌ನಲ್ಲಿ 75ರಿಂದ 150 ಬಂದರೆ ಸರಿ. 50ಕ್ಕಿಂತ ಕೆಳಗಿದ್ದರೆ ಖನಿಜ ಸೇರಿಸೋ ಕಾರ್ಟ್ರಿಜ್ ಬೇಕು.

ಮೂರು ಮಡಿಕೆ:

ಕ್ರೋಸಾಂ ನೀವೇ ಮಾಡಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ವರ್ಷದ ಬಹುಪಾಲು ಅಡುಗೆಮನೆ ತಣ್ಣಗಿರುತ್ತದೆ. ಮಂಗಳೂರಿನಲ್ಲಿ ಎಸಿ ಕೋಣೆ ಇಲ್ಲದೆ ಬೆಣ್ಣೆ ಮಡಚುವ ಕೆಲಸಕ್ಕೆ ಕೈಹಾಕುವಂತೆಯೇ ಇಲ್ಲ. ನಿಮಗೆ ಡಿಸೆಂಬರ್, ಜನವರಿಯಲ್ಲಿ ಕಿಟಕಿ ತೆರೆದರೆ ಸಾಕು. ಇಷ್ಟು ಅನುಕೂಲ ಇಟ್ಟುಕೊಂಡು ಫ್ರೋಜನ್ ತರಿಸುವುದು ನನಗೆ ಸರಿ ಕಾಣುವುದಿಲ್ಲ. ಮೈಸೂರಿನಿಂದಲೇ ಸುಮಾರು 120 ಕಿ.ಮೀ. ದಾರಿ. ನಡುವೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಹಿಟ್ಟಿನಲ್ಲಿ ಯೀಸ್ಟ್ ಅರ್ಧ ಸತ್ತಿರುತ್ತದೆ, ಪದರ ಅಂಟಿಕೊಂಡಿರುತ್ತದೆ, ಒಲೆಯಿಂದ ಹೊರಗೆ ಬಂದಾಗಲೇ ಅದು ಗೊತ್ತಾಗುವುದು. ಮಳೆಗಾಲದಲ್ಲಿ ರಸ್ತೆ ಕುಸಿದರೆ ಲಾರಿಯೇ ಬರುವುದಿಲ್ಲ.

ಅಳತೆ, ಒಂದು ಕಿಲೊ ಮೈದಾಕ್ಕೆ: ತಣ್ಣನೆಯ ಹಾಲು ಮತ್ತು ನೀರು ಸೇರಿ 500 ಎಂಎಲ್, ಸಕ್ಕರೆ 110 ಗ್ರಾಂ, ಉಪ್ಪು 20, ಇನ್‌ಸ್ಟಂಟ್ ಯೀಸ್ಟ್ 13, ಹಿಟ್ಟಿನೊಳಗೆ ಬೆಣ್ಣೆ 60. ಮಡಚಲು ಉಪ್ಪಿಲ್ಲದ ಬೆಣ್ಣೆ 500 ಗ್ರಾಂ, ಕೊಬ್ಬಿನಂಶ 82 ಶೇಕಡಾ ಇದ್ದರೆ ಒಳ್ಳೆಯದು. ಮೈದಾ ಪೊಟ್ಟಣದ ಹಿಂದೆ ಪ್ರೋಟೀನ್ ನೋಡಿ: 100 ಗ್ರಾಂಗೆ 11.5ರಿಂದ 12 ಬೇಕು. ಪರೋಟದ ಸಾದಾ ಮೈದಾದಲ್ಲಿ ಹಿಟ್ಟು ಲಟ್ಟಿಸುವಾಗಲೇ ಹರಿಯುತ್ತದೆ.

ಹಿಟ್ಟು ನಾದಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹಿಟ್ಟು 4–5 ಡಿಗ್ರಿ, ಬೆಣ್ಣೆ 13 ಡಿಗ್ರಿ ಆಸುಪಾಸು. ಬೆಣ್ಣೆಯ ಹಲಗೆ ಮುರಿಯದೆ ಬಾಗಬೇಕು, ಆದರೆ ಬೆರಳಿಗೆ ಹತ್ತಬಾರದು. ಮೂರು ಪಟ್ಟಾಗಿ ಮಡಚುವುದು ಮೂರು ಸಲ, ಒಟ್ಟು 27 ಪದರ ಬೆಣ್ಣೆ. ಪ್ರತಿ ಮಡಿಕೆಯ ನಡುವೆ ಫ್ರಿಜ್‌ನಲ್ಲಿ 40 ನಿಮಿಷ. ಕೊನೆಗೆ 4 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, 9 ಸೆಂ.ಮೀ. ಬುಡ, 25 ಸೆಂ.ಮೀ. ಉದ್ದದ ತ್ರಿಕೋನ ಕತ್ತರಿಸಿ ಸುತ್ತಿ. ಉಬ್ಬಿಸುವುದು 26 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ತಟ್ಟೆ ಅಲ್ಲಾಡಿಸಿದರೆ ಜೆಲ್ಲಿಯಂತೆ ನಡುಗಬೇಕು. 190 ಡಿಗ್ರಿ ಕನ್ವೆಕ್ಷನ್ ಒಲೆಯಲ್ಲಿ 17 ನಿಮಿಷ.

ತಟ್ಟೆಯಲ್ಲಿ ಬೆಣ್ಣೆ ಕೊಚ್ಚೆಯಾಗಿ ನಿಂತರೆ ಉಬ್ಬಿಸುವ ಜಾಗ 28 ದಾಟಿದೆ, ಇಲ್ಲವೇ ಉಬ್ಬುವುದು ಸಾಲಲಿಲ್ಲ. ಒಳಗೆ ಜೇನುಗೂಡಿನಂಥ ಕಣ್ಣು ಬಾರದೆ ಬ್ರೆಡ್ಡಿನಂತೆ ಒತ್ತೊತ್ತಾಗಿದ್ದರೆ ಮಡಚುವಾಗಲೇ ಬೆಣ್ಣೆ ಹಿಟ್ಟಿಗೆ ಬೆರೆತಿದೆ. ಲಟ್ಟಿಸುವಾಗ ಹಿಟ್ಟಿನಡಿ ಬೆಣ್ಣೆ ಚೂರುಚೂರಾಗಿ ಕಂಡರೆ ಅದು ತೀರಾ ತಣ್ಣಗಿತ್ತು; ಐದು ನಿಮಿಷ ಹೊರಗಿಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ತಟ್ಟಿ ಮುಂದುವರಿಯಿರಿ. ಮಡಿಕೇರಿಯ ನಿಜವಾದ ಸಮಸ್ಯೆ ಉಬ್ಬಿಸುವುದು. ಜುಲೈನಲ್ಲಿ ಅಡುಗೆಮನೆ 20 ಡಿಗ್ರಿ ಇದ್ದರೆ ನಾಲ್ಕು ಗಂಟೆಯಾದರೂ ಏಳುವುದಿಲ್ಲ. ಮುಚ್ಚಿದ ರ‍್ಯಾಕ್ ಒಳಗೆ ಬಿಸಿನೀರಿನ ಪಾತ್ರೆ ಇಟ್ಟು, ಥರ್ಮಾಮೀಟರ್ ತೂಗುಹಾಕಿ 26ಕ್ಕೆ ತನ್ನಿ.

ಮಳೆಗಾಲದಲ್ಲಿ ಗರಿಗರಿ ಎರಡು ಮೂರು ಗಂಟೆ ನಿಂತರೆ ಹೆಚ್ಚು. ಒಂದೇ ಸಲ ಐವತ್ತು ಸುಡಬೇಡಿ. ಸುತ್ತಿದ್ದನ್ನು ಫ್ರೀಜರಿನಲ್ಲಿಟ್ಟು ಎಂಟಕ್ಕೊಂದು, ಹನ್ನೊಂದಕ್ಕೊಂದು ತಟ್ಟೆ ಒಲೆಯಿಂದ ಬರುವಂತೆ ಮುಂಚೆಯೇ ತೆಗೆದು ಉಬ್ಬಿಸಿ. ಮೆತ್ತಗಾದದ್ದನ್ನು 160 ಡಿಗ್ರಿಯಲ್ಲಿ ಐದು ನಿಮಿಷ ಮತ್ತೆ ಬಿಸಿ ಮಾಡಿ ಕೊಡಿ. ನಿನ್ನೆಯದು ಉಳಿದರೆ ಫ್ರೆಂಚ್ ಬೇಕರಿಯವರು ಮಾಡುವ ಹಾಗೆ ಸಕ್ಕರೆ ಪಾಕದಲ್ಲಿ ಅದ್ದಿ, ಬೆಣ್ಣೆ, ಸಕ್ಕರೆ, ಬಾದಾಮಿ ಪುಡಿ, ಮೊಟ್ಟೆ ತಲಾ 100 ಗ್ರಾಂ ಕಲಸಿ ಒಳಗೂ ಮೇಲೂ ಹಚ್ಚಿ 180ರಲ್ಲಿ 15 ನಿಮಿಷ ಸುಡಿ. ತಾಜಾ ಕ್ರೋಸಾಂಗಿಂತ ಹೆಚ್ಚಿನ ಬೆಲೆಗೆ ಹೋಗುತ್ತದೆ.

ಜ್ಯಾಮ್ ನೀವೇ ಕಾಯಿಸುವುದಾದರೆ ಎತ್ತರ ನೆನಪಿರಲಿ. ಇಲ್ಲಿ ನೀರು ಕುದಿಯುವುದೇ ಸುಮಾರು 96 ಡಿಗ್ರಿಗೆ. ಪುಸ್ತಕದ 105 ಡಿಗ್ರಿ ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿಯಲ್ಲಿ 101ಕ್ಕೆ ಇಳಿಸಬೇಕು. 105ರವರೆಗೆ ಕಾದರೆ ಕಿತ್ತಳೆ ಜ್ಯಾಮ್ ಅಂಟು ಮಿಠಾಯಿ ಆಗುತ್ತದೆ.

ಸಂಜೆ ಆರು:

ಬಾರ್ ಕಡೆ ನಾನು ಹೇಳ್ತೀನಿ ಕಾಫಿಹೂ ಅವರೇ. ಫ್ರೆಂಚರು ಊಟಕ್ಕೆ ಮುಂಚೆ ಕುಡಿಯುವುದು ಹಗುರವಾದದ್ದು: ಸಣ್ಣ ಗ್ಲಾಸು, ಕಡಿಮೆ ಆಲ್ಕೋಹಾಲ್, ಬಾಯಿಗೆ ಉಪ್ಪುಪ್ಪು ಏನಾದರೂ, ಮಾತು ಜಾಸ್ತಿ. ಆ ಗುಣ ಉಳಿದರೆ ಬಾಟಲಿ ನಾಸಿಕ್‌ನದಾದರೂ ಕೆಫೆ ಫ್ರೆಂಚೇ. ಆರು ಕಾಕ್‌ಟೇಲ್, ಮೂರು ವೈನ್, ಆಲ್ಕೋಹಾಲ್ ಇಲ್ಲದ್ದು ಮೂರು. ಅದಕ್ಕಿಂತ ಹೆಚ್ಚು ಇಟ್ಟರೆ 26 ಕುರ್ಚಿಯ ಜಾಗದಲ್ಲಿ ತೆರೆದ ಬಾಟಲಿಗಳೇ ಹಾಳಾಗುತ್ತವೆ.

ಕಿರ್‌ನಿಂದ ಶುರು ಮಾಡಿ. ಮೂಲ ಅಳತೆ 90 ಎಂಎಲ್ ಒಣ (ಸಿಹಿಯಿಲ್ಲದ) ಬಿಳಿ ವೈನ್, 10 ಎಂಎಲ್ ಕ್ರೆಮ್ ದ ಕಸಿಸ್ (ಬ್ಲ್ಯಾಕ್‌ಕರಂಟ್ ಹಣ್ಣಿನ ಲಿಕ್ಯೂರ್). ಡಿಜೋನ್ ಪಟ್ಟಣದ ಮೇಯರ್ ಆಗಿದ್ದ ಫೆಲಿಕ್ಸ್ ಕಿರ್ ಅವರ ಹೆಸರು ಅದಕ್ಕೆ ನಿಂತಿದೆ. ಕಸಿಸ್ ಡಿಪೊದಲ್ಲಿ ಸಿಗುತ್ತದೆ ಅಂತ ನಂಬಿ ಮೆನು ಅಚ್ಚು ಹಾಕಿಸಬೇಡಿ. ಬದಲಿಗೆ ನೇರಳೆ ಹಣ್ಣಿದೆ, ಕಪ್ಪು ಬಣ್ಣ, ಒಗರು, ಹುಳಿ ಎಲ್ಲವೂ ಹೊಂದುತ್ತವೆ. ಬೀಜ ಒಡೆಯದಂತೆ ಕೈಯಲ್ಲಿ ಕಿವುಚಿದ ತಿರುಳು 500 ಗ್ರಾಂ, ಸಕ್ಕರೆ 350, ನೀರು 100 ಎಂಎಲ್. 65 ಡಿಗ್ರಿ ದಾಟದ ಹಾಗೆ 20 ನಿಮಿಷ, ಕುದಿಸಬಾರದು. ಸೋಸಿ 15 ಎಂಎಲ್ ನಿಂಬೆರಸ ಹಾಕಿ, ಹುಳಿ ಬಿದ್ದಾಗ ಬಣ್ಣ ಕೆಂಪಿಗೆ ತಿರುಗಿ ನಿಲ್ಲುತ್ತದೆ. ಫ್ರಿಜ್‌ನಲ್ಲಿ ಎರಡು ವಾರ. ಹಣ್ಣಿನ ಕಾಲ ಚಿಕ್ಕದು, ತಿರುಳನ್ನು ಫ್ರೀಜರಿನಲ್ಲಿ ತುಂಬಿಕೊಳ್ಳಿ. ವೈನ್ ಸಾವಿನ್ಯೋಂ ಬ್ಲಾಂ ಇರಲಿ; ನಮ್ಮ ಶೆನಿನ್ ಬ್ಲಾಂಗಳಲ್ಲಿ ಕೆಲವು ಮೊದಲೇ ಸಿಹಿ, ಸಿರಪ್ ಸೇರಿದರೆ ಷರಬತ್ತಾಗುತ್ತದೆ.

ಸೈಡ್‌ಕಾರ್‌ಗೆ ಕಾಗದದ ಮೇಲೆ ಕೊನ್ಯಾಕ್ (ಫ್ರಾನ್ಸಿನ ದ್ರಾಕ್ಷಿ ಬ್ರಾಂದಿ) 50, ಟ್ರಿಪಲ್ ಸೆಕ್ (ಕಿತ್ತಳೆ ಲಿಕ್ಯೂರ್) 20, ನಿಂಬೆ 20. ಕೊನ್ಯಾಕ್ ಹಾಕಿದರೆ ಗ್ಲಾಸಿನ ಬೆಲೆ ಊರಿನವರಿಗೆ ಎಟಕುವುದಿಲ್ಲ. ಭಾರತದ ಬ್ರಾಂದಿಯಲ್ಲಿ ಬಹುಪಾಲು ಕಾಕಂಬಿ ಸ್ಪಿರಿಟ್‌ನದು. ಲೇಬಲ್ ಓದಿ, ದ್ರಾಕ್ಷಿಯಿಂದಲೇ ಮಾಡಿದ್ದು ಆರಿಸಿ. ಟ್ರಿಪಲ್ ಸೆಕ್ ಜಾಗಕ್ಕೆ ಕೊಡಗಿನ ಕಿತ್ತಳೆ. 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಹಣ್ಣು ಮನೆ ಬಾಗಿಲಲ್ಲಿರುವಾಗ ಹೊರಗಿನ ಕಿತ್ತಳೆ ಲಿಕ್ಯೂರ್ ಹುಡುಕುವುದೇಕೆ? ಸಿಪ್ಪೆ 100 ಗ್ರಾಂ, ಸಕ್ಕರೆ 100 ಗ್ರಾಂ ಚೆನ್ನಾಗಿ ಉಜ್ಜಿ ಎಂಟು ಗಂಟೆ ಮುಚ್ಚಿಡಿ. ಸಕ್ಕರೆ ಸಿಪ್ಪೆಯ ಎಣ್ಣೆಯನ್ನು ಎಳೆದುಕೊಂಡಿರುತ್ತದೆ. ಅದೇ ಹಣ್ಣಿನ 100 ಎಂಎಲ್ ರಸದಲ್ಲಿ ಕರಗಿಸಿ ಸೋಸಿ. ಬ್ರಾಂದಿ 50, ಈ ಪಾಕ 20, ನಿಂಬೆ 20, ಐಸಿನೊಂದಿಗೆ 12 ಸೆಕೆಂಡ್ ಕುಲುಕಿ. ಕಿತ್ತಳೆ ರಸ ಹಿಂಡಿ ಇಟ್ಟರೆ ಹೊತ್ತು ಹೋದ ಹಾಗೆ ಕಹಿ ಏರುತ್ತದೆ, ಆದ್ದರಿಂದ ಆ ದಿನದ್ದು ಆ ದಿನಕ್ಕೆ. ನಿಂಬೆಯ ಬದಲು ಕಿತ್ತಳೆಯೇ ಹುಳಿ ಕೊಡಬೇಕು ಅಂತಿದ್ದರೆ ಒಂದು ಲೀಟರ್ ರಸಕ್ಕೆ ಸಿಟ್ರಿಕ್ ಆಮ್ಲ 32 ಗ್ರಾಂ, ಮ್ಯಾಲಿಕ್ ಆಮ್ಲ 20 ಗ್ರಾಂ ಕರಗಿಸಿ; ನಿಂಬೆಯಷ್ಟೇ ಹುಳಿ ಬರುತ್ತದೆ.

ಫ್ರೆಂಚ್ 75: ಜಿನ್ 30, ನಿಂಬೆ 15, ಸಕ್ಕರೆ ಪಾಕ 15 ಕುಲುಕಿ, ಮೇಲೆ ಒಣ ಸ್ಪಾರ್ಕ್ಲಿಂಗ್ ವೈನ್ 60. ಒಂದು ಬಾಟಲಿಯಲ್ಲಿ 12 ಗ್ಲಾಸು. ತೆರೆದ ಮೇಲೆ ಗುಳ್ಳೆ ಮರುದಿನದ ಸಂಜೆಗೆ ಉಳಿಯುವುದಿಲ್ಲ, ಆದ್ದರಿಂದ ಶುಕ್ರವಾರ, ಶನಿವಾರ ಮಾತ್ರ ಮೆನುವಿನಲ್ಲಿ ಇರಲಿ.

ಗಿಡಮೂಲಿಕೆ ಬೆರೆಸಿದ ವರ್ಮೂತ್ ಕೂಡ ವೈನೇ ಅನ್ನುವುದನ್ನು ಬಹಳ ಬಾರುಗಳಲ್ಲಿ ಮರೆಯುತ್ತಾರೆ. ತೆರೆದ ಬಾಟಲಿ ವರ್ಷಗಟ್ಟಲೆ ಶೆಲ್ಫಿನಲ್ಲಿ ನಿಂತಿರುತ್ತದೆ, ಗ್ಲಾಸಿಗೆ ಬಂದಾಗ ಹಳೇ ಒಣದ್ರಾಕ್ಷಿಯ ವಾಸನೆ. ಬಾಟಲಿ ಮೇಲೆ ತೆರೆದ ತಾರೀಕು ಬರೆದು ಫ್ರಿಜ್‌ನಲ್ಲಿಡಿ, ಆರು ವಾರದೊಳಗೆ ಖಾಲಿ ಮಾಡಿ. ಪಾಸ್ಟಿಸ್ (ಸೋಂಪಿನ ಪರಿಮಳದ ಫ್ರೆಂಚ್ ಮದ್ಯ) ಸಿಕ್ಕರೆ ಅದನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ, ಸೋಂಪಿನ ಎಣ್ಣೆ ಹರಳುಗಟ್ಟುತ್ತದೆ. ಒಂದಕ್ಕೆ ಐದು ಪಾಲು ತಣ್ಣೀರು ಮೊದಲು, ಐಸು ಆಮೇಲೆ.

ಆಲ್ಕೋಹಾಲ್ ಇಲ್ಲದ್ದಕ್ಕೆ ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಗಟ್ಟಿ ಮಾಡಿದ ಕೊಡಗಿನ ಕಪ್ಪು ಹುಳಿ). ಎರಡು ಪಾಲು ಜೇನು, ಒಂದು ಪಾಲು ಬಿಸಿನೀರು ಬೆರೆಸಿದ ಪಾಕ 25 ಎಂಎಲ್, ಕಾಚಂಪುಳಿ 5 ಎಂಎಲ್, ಚಿಟಿಕೆ ಉಪ್ಪು, ಸೋಡಾ 150. ಒಬ್ಬೊಬ್ಬರು ಕಾಯಿಸಿದ ಕಾಚಂಪುಳಿಯ ಗಟ್ಟಿತನ ಒಂದೊಂದು ಥರ. ಹೊಸ ಬಾಟಲಿ ತೆರೆದಾಗಲೆಲ್ಲ 1 ಎಂಎಲ್ ಅನ್ನು 20 ಎಂಎಲ್ ನೀರಿಗೆ ಹಾಕಿ ರುಚಿ ನೋಡಿ ಅಳತೆ ಸರಿಪಡಿಸಿ. ವಿನೆಗರ್ ಬೆರೆಸಿದ್ದಾದರೆ ಮೂಗಿಗೆ ಚುಚ್ಚುತ್ತದೆ, ಅದನ್ನು ವಾಪಸ್ ಕೊಡಿ.

ಒಳ್ಳೆಮೆಣಸು:

ಸಂಜೆಯ ಪ್ಲೇಟುಗಳ ಬಗ್ಗೆ ಯಾರೂ ಹೇಳಲಿಲ್ಲ. ಕೊಡಗಿನಲ್ಲಿ ಹಂದಿಮಾಂಸ ಚೆನ್ನಾಗಿ ಸಿಗುತ್ತದೆ, ಜನಕ್ಕೆ ಅದರ ಕೊಬ್ಬಿನ ರುಚಿಯೂ ಗೊತ್ತು. ಫ್ರೆಂಚರ ರಿಯೆಟ್ ಇಲ್ಲಿಗೆ ಹೇಳಿಮಾಡಿಸಿದ ತಿನಿಸು. ಭುಜದ ಮಾಂಸ 1 ಕಿಲೊ, ಕೊಬ್ಬು 300 ಗ್ರಾಂ, ಉಪ್ಪು 16 ಗ್ರಾಂ, ತರಿಯಾಗಿ ಕುಟ್ಟಿದ ಕರಿಮೆಣಸು 4 ಗ್ರಾಂ, ನೀರು 100 ಎಂಎಲ್. ಮುಚ್ಚಿದ ಪಾತ್ರೆಯಲ್ಲಿ 110 ಡಿಗ್ರಿ ಒಲೆಯೊಳಗೆ ನಾಲ್ಕೂವರೆ ಗಂಟೆ. ಫೋರ್ಕ್ ತಾಗಿಸಿದರೆ ಎಳೆ ಬಿಡಬೇಕು. ಎಳೆ ಬಿಡಿಸಿ, ಕರಗಿದ ಕೊಬ್ಬನ್ನೂ ರಸವನ್ನೂ ಸ್ವಲ್ಪ ಸ್ವಲ್ಪ ಸೇರಿಸಿ ಕಲಸಿ, ಗಾಳಿ ಉಳಿಯದಂತೆ ಜಾಡಿಗೆ ಒತ್ತಿ, ಮೇಲೆ ಒಂದು ಸೆಂ.ಮೀ. ಕೊಬ್ಬು ಸುರಿಯಿರಿ.

ಎಚ್ಚರಿಕೆ ಒಂದೇ, ಆದರೆ ದೊಡ್ಡದು. ಕೊಬ್ಬು ಮುಚ್ಚಿದೆ ಅಂತ ಹೊರಗೆ ಇಡಬಾರದು. ಗಾಳಿಯಾಡದ ಜಾಗದಲ್ಲೇ ಬಾಟುಲಿಸಂ ವಿಷ ಹುಟ್ಟುವುದು. 4 ಡಿಗ್ರಿ ಒಳಗೆ ಇಟ್ಟು ಒಂದು ವಾರದಲ್ಲಿ ಮುಗಿಸಿ. ರಾತ್ರಿಯಿಡೀ ಕರೆಂಟ್ ಹೋಗಿ ಫ್ರಿಜ್ ಬಿಸಿಯಾಗಿದ್ದರೆ ಎಸೆಯಿರಿ. ಬಡಿಸುವ 20 ನಿಮಿಷ ಮುಂಚೆ ಹೊರಗೆ ತೆಗೆಯಿರಿ, ತಣ್ಣಗಿದ್ದರೆ ರುಚಿ ಏಳುವುದಿಲ್ಲ. ಫ್ರಾನ್ಸಿನಲ್ಲಿ ಪಕ್ಕಕ್ಕೆ ಸೌತೆಮಿಡಿಯ ಉಪ್ಪಿನಕಾಯಿ ಇಡುತ್ತಾರೆ. ನೀವು ತೋಟದ ಬಿದಿರಿನ ಕಳಲೆ ಇಡಿ: ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಮೂರು ದಿನ ನೆನೆಸಿ, ಬೇಯಿಸಿ ನೀರು ಚೆಲ್ಲಿ, ಆಮೇಲೆ ಕಾಚಂಪುಳಿ ಒಂದು ಪಾಲು, ನೀರು ನಾಲ್ಕು ಪಾಲು, ಉಪ್ಪು, ಸಕ್ಕರೆಯಲ್ಲಿ ಮುಳುಗಿಸಿ. ನೆನೆಸಿ, ಬೇಯಿಸಿ ನೀರು ಚೆಲ್ಲದಿದ್ದರೆ ಕಳಲೆಯ ವಿಷದಂಶ ಹೋಗುವುದಿಲ್ಲ.

ಹಂದಿ ತಿನ್ನದವರಿಗೆ ಗೂಜೆರ್ (ಒಳಗೆ ಟೊಳ್ಳಾಗಿ ಉಬ್ಬುವ ಚೀಸ್ ಪಫ್) ಇರಲಿ: ನೀರು 250 ಎಂಎಲ್, ಬೆಣ್ಣೆ 100 ಗ್ರಾಂ, ಮೈದಾ 150, ಮೊಟ್ಟೆ 4, ತುರಿದ ಚೀಸ್ 100. 200 ಡಿಗ್ರಿಯಲ್ಲಿ 15 ನಿಮಿಷ, 170ರಲ್ಲಿ 12 ನಿಮಿಷ. ಒಲೆಯಿಂದ ತೆಗೆದ ತಕ್ಷಣ ಪಕ್ಕದಲ್ಲಿ ಚಾಕುವಿನಿಂದ ಚುಚ್ಚಿ ಹಬೆ ಬಿಡದಿದ್ದರೆ ಮಡಿಕೇರಿಯ ಗಾಳಿಯಲ್ಲಿ ಹತ್ತೇ ನಿಮಿಷಕ್ಕೆ ಕುಸಿಯುತ್ತವೆ.

ಕಾಫಿಹೂ:

ಎಲ್ಲರಿಗೂ ಧನ್ಯವಾದ. ಕರಾರಿಗೆ ಇನ್ನೂ ಸಹಿ ಹಾಕಿಲ್ಲ, ಮೊದಲು 100 ಮೀಟರ್ ಅಳೆಸುತ್ತೇನೆ. ಎರಡು ಮಾತು ಉಳಿದಿವೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಾಗ ಏನು ಮಾಡುವುದು? ಬಾರ್ ಕೌಂಟರಿಗೆ ಪ್ಯಾರಿಸ್ಸಿನ ಹಾಗೆ ಸತುವಿನ ತಗಡು ಹೊದಿಸಬೇಕು ಅಂತಿದ್ದೇನೆ, ಬೆತ್ತದ ಕುರ್ಚಿಗಳನ್ನೂ ಜಗಲಿಗೆ ಹಾಕಬೇಕು ಅಂತ ಇದೆ. ಬಾಳಿಕೆ ಬರುತ್ತವೆಯೇ?

ಗ್ರೂಪ್‌ಹೆಡ್:

ಎರಡು ಗ್ರೂಪಿನ (ಎರಡು ಕಡೆ ಕಾಫಿ ಇಳಿಸುವ) ಎಸ್ಪ್ರೆಸೊ ಯಂತ್ರ 3.5ರಿಂದ 4.5 ಕಿಲೋವ್ಯಾಟ್, ಕನ್ವೆಕ್ಷನ್ ಒಲೆ ಸುಮಾರು 3, ಜೊತೆಗೆ ಫ್ರೀಜರ್, ಐಸ್ ಯಂತ್ರ, ಗ್ರೈಂಡರ್. ಒಟ್ಟು 10 ಕಿಲೋವ್ಯಾಟ್ ಲೆಕ್ಕ ಹಾಕಿ ಚೆಸ್ಕಾಂನಿಂದ ವಾಣಿಜ್ಯ ತ್ರೀ ಫೇಸ್ ತಗೊಳ್ಳಿ. ಎಸ್ಪ್ರೆಸೊ ಯಂತ್ರಕ್ಕೆ ಬೇರೆಯೇ ಲೈನು, 32 ಆಂಪಿಯರ್ ಎಂಸಿಬಿ, 6 ಚದರ ಮಿ.ಮೀ. ವೈರು. ಇನ್ವರ್ಟರ್‌ನಲ್ಲಿ ಇದು ಯಾವುದೂ ನಡೆಯಲ್ಲ. ಇನ್ವರ್ಟರ್ ದೀಪ, ಬಿಲ್ಲಿಂಗಿಗೆ ಮಾತ್ರ. ಎಲ್ಲವನ್ನೂ ಎಳೆಯೋಕೆ 15 ಕೆವಿಎ ಜನರೇಟರ್ ಬೇಕು. ಅಷ್ಟು ದುಡ್ಡು ಬೇಡ ಅಂದ್ರೆ 5 ಕೆವಿಎ ಸಾಕು, ಅದರ ಮೇಲೆ ಫ್ರಿಜ್, ಫ್ರೀಜರ್ ಮಾತ್ರ ಹಾಕಿ. ಕಾಫಿಗೆ ಗ್ಯಾಸ್ ಇದೆಯಲ್ಲ: ಲೀಟರಿಗೆ 60 ಗ್ರಾಂ ತರಿ ಪುಡಿ ಹಾಕಿ ಫ್ರೆಂಚ್ ಪ್ರೆಸ್ ನಾಲ್ಕು ನಿಮಿಷ, ಮೋಕಾ ಪಾಟ್, ಫಿಲ್ಟರ್ ಡಿಕಾಕ್ಷನ್. ಕರೆಂಟ್ ಇಲ್ಲದ ದಿನದ ಚಿಕ್ಕ ಮೆನು ಒಂದು ಮುಂಚೆಯೇ ಬರೆದಿಡಿ. ಪುಡಿಗೆ ಒಂದು ಒಳ್ಳೇ ಕೈ ಗ್ರೈಂಡರ್ ಇರಲಿ. ಗ್ಯಾಸಿನಲ್ಲೂ ನಡೆಯೋ, ಕೈಯಿಂದ ಎಳೆಯೋ ಲಿವರ್ ಯಂತ್ರಗಳಿವೆ, ಆದ್ರೆ ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕು. ಯಾವ ಯಂತ್ರವಾದ್ರೂ ಗ್ರೂಪ್ ಗ್ಯಾಸ್ಕೆಟ್, ಶವರ್ ಸ್ಕ್ರೀನ್, ಪ್ರೆಶರ್‌ಸ್ಟಾಟ್ ಒಂದೊಂದು ಜೊತೆ ಮೇ ತಿಂಗಳಲ್ಲೇ ತರಿಸಿಡಿ.

ಕರೆಂಟ್ ಹೋದ ಕೂಡಲೇ ಯಂತ್ರದ ಮುಖ್ಯ ಸ್ವಿಚ್ ಆರಿಸಿ. ವಾಪಸ್ ಬರುವಾಗ ವೋಲ್ಟೇಜ್ ಏರಿಳಿತದಲ್ಲಿ ಕಂಟ್ರೋಲ್ ಬೋರ್ಡ್ ಸುಟ್ಟರೆ ವಾರಗಟ್ಟಲೆ ಎಸ್ಪ್ರೆಸೊ ಇಲ್ಲ. ಸ್ಟೆಬಿಲೈಸರ್ ತಪ್ಪಿಸಬೇಡಿ.

ಸಂಜೆ ಆರು:

ಸತು ನೋಡಲು ಚೆಂದ, ಆದರೆ ನಿಂಬೆರಸದ ಒಂದು ಹನಿ ಬಿದ್ದರೆ ಬೂದುಬಿಳಿ ಕಲೆ ಅಲ್ಲೇ ನಿಲ್ಲುತ್ತದೆ. ಕಾಚಂಪುಳಿ ಬಿದ್ದರೆ ಇನ್ನೂ ಕೆಟ್ಟದು. ಪ್ಯಾರಿಸ್ಸಿನಲ್ಲಿ ಸತು ಅಂತ ಕರೆಯುವ ಎಷ್ಟೋ ಕೌಂಟರುಗಳು ನಿಜಕ್ಕೂ ತವರದ ಮಿಶ್ರಲೋಹದವು. ಕಲೆಗಳೂ ಸೇರಿ ಬಣ್ಣ ಮಾಗಲಿ ಅನ್ನುವವರು ಗಿರಾಕಿಗಳ ಕಡೆಯ ಅಂಚಿಗೆ ಸತು ಹೊದಿಸಬಹುದು. ಹಣ್ಣು ಕತ್ತರಿಸುವ, ಸುರಿಯುವ ಜಾಗಕ್ಕೆ ಮಾತ್ರ ಸ್ಟೇನ್‌ಲೆಸ್ 304 ದರ್ಜೆಯೇ ಇರಲಿ.

ಬೆತ್ತ ಜುಲೈ ಮೂರನೇ ವಾರಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆಯ ಊರು ಇದು. ಈಗ ಫ್ರಾನ್ಸಿನಲ್ಲೂ ಹೊರಗಿನ ಕುರ್ಚಿಗಳಿಗೆ ಸಿಂಥೆಟಿಕ್ ಹೆಣಿಗೆಯೇ ಹೆಚ್ಚು, ನೀವೂ ಅದನ್ನೇ ತರಿಸಿ. ಆರಡಿ ಜಗಲಿಗೆ ಎರಡು ಸಾಲು ಬೇಡ, ಗೋಡೆಗೆ ಬೆನ್ನು ಮಾಡಿ ರಸ್ತೆ ನೋಡುವಂತೆ 26ರಲ್ಲಿ ಎಂಟು ಕುರ್ಚಿಗಳ ಒಂದೇ ಸಾಲು ಹಾಕಿ. ಎರಚಲು ಒಳಗೆ ಬರುವ ನಾಲ್ಕು ತಿಂಗಳು ಆ ಎಂಟು ಕುರ್ಚಿಗಳ ಆದಾಯವನ್ನು ಲೆಕ್ಕದಿಂದ ತೆಗೆದು, ಒಳಗಿನ 18 ಜನದ ಮೇಲೆ ಬಾಡಿಗೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಮಾಲೀಕರ ಹತ್ತಿರ ಮಳೆಗಾಲದ ಬಾಡಿಗೆಯನ್ನು ಬೇರೆಯಾಗಿ ಮಾತಾಡಿ ಕರಾರಿನಲ್ಲೇ ಬರೆಸಿಕೊಳ್ಳಿ.